ವೆಂಡೆಲ್‌ನ ಓಟು

ಕೊರಿನ್ ತಪ್ಪೊಪ್ಪಿಕೊಂಡಳು. ಕೋರ್ಟಿನ ಹಿಂದಿನ ಬೆಂಚಿನಲ್ಲಿದ್ದ ಲವೋನ್ ಕೈಚೀಲವನ್ನು ಮಡಿಲಿಗೆ ಒತ್ತಿಕೊಂಡಳು. ದೂರು ಕೊಟ್ಟವರು ಯಾರೆಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಊರೆಲ್ಲ ಅಂಚೆಯವನ ಮೇಲೆ ಗುಮಾನಿ ಪಡುತ್ತಿತ್ತು.

ಕೊರಿನ್ ಅವಳ ಅತ್ತಿಗೆ, ಸತ್ತುಹೋದ ಅಣ್ಣ ವೆಂಡೆಲ್‌ನ ಹೆಂಡತಿ. ಗಂಡನನ್ನು ಮಣ್ಣು ಮಾಡಿದ ವಾರವೇ, ಕಾಯಿಲೆ ಬಿದ್ದಾಗ ಅವನು ಕೇಳಿಕೊಂಡಿದ್ದ ಮತಪತ್ರ ಅವನ ಹೆಸರಿಗೆ ಅಂಚೆಯಲ್ಲಿ ಬಂತು. ಅದನ್ನು ತಾನೇ ತುಂಬಿ, ಅವನ ಸಹಿ ಹಾಕಿ ಕಳಿಸಿದ್ದಳು. ಅಪರಾಧ ಅಷ್ಟೇ.

"ಯಾರಿಗೆ ಹಾಕಿದಿರಿ?" ಎಂದು ನ್ಯಾಯಾಧೀಶರು ಕೇಳಿದರು.

"ಅದು ವೆಂಡೆಲ್‌ನ ಓಟು. ಗುಟ್ಟಾಗಿರ್ಬೇಕಾದ್ದು. ನಾನು ಹೇಳೋ ಹಾಗಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಹೇಳುವುದೇನು ಮಣ್ಣು? ಕೊರಿನ್ ಯಾವ ಪಕ್ಷದವಳೆಂದು ಊರಿನ ನಾಯಿಗೂ ಗೊತ್ತು. ಹಾಲ್ಸಿ ಗವರ್ನರ್ ಚುನಾವಣೆಗೆ ನಿಂತಾಗ, ಆ ಮನೆಯ ಅಂಗಳದಲ್ಲಿ ಎರಡು ಫಲಕ ನಿಂತಿದ್ದವು. ಟಪಾಲು ಡಬ್ಬಿಯ ಈ ಕಡೆ ವೆಂಡೆಲ್ ಹಾಕಿದ ಹಾಲ್ಸಿಯದು, ಆ ಕಡೆ ಕೊರಿನ್ ಹಾಕಿದ ಎದುರಾಳಿಯದು. ಮದುವೆಯಾದಾಗಿನಿಂದಲೂ ಹೀಗೆಯೇ. ಓಟಿನ ದಿನ ಇಬ್ಬರೂ ಒಂದೇ ಟ್ರಕ್ಕಿನಲ್ಲಿ ಹೋಗಿ, ಒಬ್ಬರ ಓಟನ್ನು ಇನ್ನೊಬ್ಬರು ಹೊಡೆದುಹಾಕಿ, ಪೈ ತಿಂದು ಮನೆಗೆ ಬರುತ್ತಿದ್ದರು. "ಇಬ್ರೂ ಮನೇಲೇ ಬಿದ್ಕೊಂಡಿದ್ರೆ ಪೆಟ್ರೋಲಾದ್ರೂ ಉಳೀತಿತ್ತು" ಎಂದು ವೆಂಡೆಲ್ ಪ್ರತಿ ಸಲವೂ ಹೇಳುತ್ತಿದ್ದ, ಪ್ರತಿ ಸಲವೂ ಅವನೊಬ್ಬನೇ ನಗುತ್ತಿದ್ದ.

ಅವನು ಸತ್ತ ಮೇಲೂ ಕೊರಿನ್ ಹಾಲ್ಸಿಯ ಫಲಕ ಕೀಳಲಿಲ್ಲ. ಲವೋನ್ ಕಣ್ಣಿಗೆ ಅದು ಊರಿಗೆ ತೋರಿಸುವ ನಾಟಕವಾಗಿತ್ತು.

ಲವೋನ್ ಹಾಲ್ಸಿಗಾಗಿ ಕೊರೆಯುವ ಚಳಿಯಲ್ಲಿ ಮನೆಮನೆ ಬಾಗಿಲು ತಟ್ಟಿದವಳು. ಚರ್ಚಿಗೆ ತಪ್ಪದೆ ಹೋಗುವ ಮನುಷ್ಯ, ಜನರ ಬಂದೂಕಿಗೆ ಸರ್ಕಾರ ಕೈ ಹಾಕಲು ಬಿಡದವನು, ದುಡಿಯುವವರ ತೆರಿಗೆ ಇಳಿಸುವವನು. ರಾಜಧಾನಿಯಲ್ಲಿ ಇಷ್ಟು ವರ್ಷ ಕೂತಿದ್ದ ಸೊಕ್ಕಿನವರ ನಡುವೆ ಇವನಾದರೂ ನಮ್ಮವನು ಎಂದು ಅವಳು ನಂಬಿದ್ದಳು. ಕೈ ಕುಲುಕುವಾಗ ಅವನು ಅವಳ ಹೆಸರು ಕೇಳಿ, ಎರಡು ಸಲ ಹೇಳಿಕೊಂಡಿದ್ದ. ಅವನು ಗೆದ್ದ ರಾತ್ರಿ ಲವೋನ್ ಅಣ್ಣನನ್ನು ನೆನೆದು ಅತ್ತಳು. ನೋಡೋಕೆ ಅವನಿರಲಿಲ್ಲ.

ಆಮೇಲೆ ಕೊರಿನ್ ಮನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಬಂತು. ಟರ್ಕಿ ಕೋಳಿ ಮುಗಿದು ಇಬ್ಬರೂ ಪಾತ್ರೆ ತೊಳೆಯುತ್ತಿದ್ದಾಗ ಕೊರಿನ್ ತಲೆ ಎತ್ತದೆ ಹೇಳಿದಳು: "ವೆಂಡೆಲ್‌ದೂ ನಾನೇ ಹಾಕ್ದೆ, ಲವೋನ್. ಸುಮ್ನೆ ಬಿಟ್ಬಿಡೋಕೆ ಮನಸ್ಸಾಗ್ಲಿಲ್ಲ."

ಲವೋನ್ ಒರೆಸುತ್ತಿದ್ದ ತಟ್ಟೆ ಕೆಳಗಿಟ್ಟು, ಕೋಟು ಹಾಕಿಕೊಂಡು ಹೊರಟುಬಿಟ್ಟಳು. ಬದುಕಿದ್ದಾಗ ಎದುರಾಡಿದ್ದು ಸಾಲದೆಂದು, ಸತ್ತವನ ಕೈ ಹಿಡಿದು ಅವನಿಗಾಗದವರಿಗೇ ಓಟು ಹಾಕಿಸಿದಳಲ್ಲ!

ಪ್ರಮಾಣವಚನದ ದಿನ ಗವರ್ನರ್ ಹಾಲ್ಸಿ ಹೇಳಿದ: "ಈ ರಾಜ್ಯದಲ್ಲಿ ಸತ್ತವರು ಓಟು ಹಾಕುವ ಕಾಲ ಮುಗಿಯಿತು." ಟೀವಿಯಲ್ಲಿ ಅವನ ಕೆಳಗೆ ದೂರು ಕೊಡುವ ಫೋನ್ ನಂಬರು ಹರಿಯುತ್ತಿತ್ತು. ಲವೋನ್ ಎದ್ದು ಹೋಗಿ ಫೋನ್ ತೆಗೆದುಕೊಂಡಳು.

ಕರೆದು ಗದರಿಸಿ ಬಿಡುತ್ತಾರೆ ಎಂದುಕೊಂಡಿದ್ದಳು. ಆದರೆ ಗವರ್ನರನಿಗೆ ಮೊದಲ ಬೇಟೆ ಬೇಕಿತ್ತು. "ಗಂಡನ ಗೋರಿಯ ಮಣ್ಣು ಒಣಗೋ ಮುಂಚೆ ಈಯಮ್ಮ ನನ್ನ ವಿರುದ್ಧ ಅವನ ಓಟು ಹಾಕಿದ್ದಾಳೆ. ಆ ಪಕ್ಷದವರಿಗೆ ಇಷ್ಟಾದರೂ ಶ್ರದ್ಧೆ ಇದೆಯಲ್ಲ!" ಎಂದು ಅವನು ಭಾಷಣದಲ್ಲಿ ಹೇಳಿದ. ಜನ ಬಿದ್ದುಬಿದ್ದು ನಕ್ಕರು. ಅಂದು ಮಾತ್ರ ಲವೋನ್‌ಗೆ ಚಪ್ಪಾಳೆ ತಟ್ಟಲು ಕೈ ಬರಲಿಲ್ಲ.

ನ್ಯಾಯಾಧೀಶರು ತೀರ್ಪು ಓದಿದರು. ಆರು ತಿಂಗಳು ಜೈಲು. ಇಷ್ಟು ವರ್ಷ ಊರಿನ ಮಕ್ಕಳನ್ನೆಲ್ಲ ಶಾಲೆಗೆ ಒಯ್ದ ಬಸ್ಸನ್ನು ಕೊರಿನ್ ಇನ್ನು ಓಡಿಸುವಂತಿಲ್ಲ. ಓಟನ್ನೂ ಹಾಕುವಂತಿಲ್ಲ.

ಪೊಲೀಸಿನವನು ಕೊರಿನ್‌ಳನ್ನು ಹೊರಗೆ ಕರೆತಂದ. ಲವೋನ್ ಅಡ್ಡ ನಿಂತಳು. ಅವನು ಊರಿನವನೇ. ಬೇಗ ಮುಗಿಸಿ ಎಂದು ಮುಖ ತಿರುಗಿಸಿದ.

"ನಮ್ಮನೆ ನಾಯಿನ ನಿನ್ನ ಹತ್ರ ಇಟ್ಕೋತೀಯಾ?" ಎಂದು ಕೊರಿನ್ ಕೇಳಿದಳು. "ನಿನ್ನ ಬಿಟ್ರೆ ನಂಗ್ಯಾರಿದಾರೆ?"

ಆ ಮಾತು ಲವೋನ್‌ಗೆ ಚುಚ್ಚಿತು. ಚುಚ್ಚಿದ್ದಕ್ಕೇ ಸಿಟ್ಟು ಇನ್ನಷ್ಟು ಏರಿತು.

"ಇಟ್ಕೋತೀನಿ. ಒಂದು ಹೇಳು. ಅಣ್ಣನಿಗೆ ಹಾಗೆ ಮಾಡೋಕೆ ನಿಂಗೆ ಹೆಂಗಾದ್ರೂ ಮನಸ್ಸು ಬಂತು? ಜೀವಮಾನದಲ್ಲಿ ಒಂದ್ಸಲನಾದ್ರೂ ನಿಮ್ಮ ಪಕ್ಷಕ್ಕೆ ಹಾಕಿದ್ನಾ ಅವ್ನು?"

ಕೊರಿನ್ ಅವಳನ್ನು ಅರ್ಥವಾಗದವಳಂತೆ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಬಿಳಿಚಿಕೊಂಡಿತು. ಫೋನ್ ಮಾಡಿದ್ದು ಯಾರೆಂದು ಅವಳಿಗೆ ಆಗ ಗೊತ್ತಾಯಿತು. ಆದರೂ ದನಿ ಏರಿಸಲಿಲ್ಲ.

"ಅವನಿಲ್ಲ ಅಂತ ನಾನು ಗೆಲ್ಲೋದು ಮೋಸ ಅನ್ನಿಸ್ತು, ಲವೋನ್. ಅವನ ಓಟು ಹಾಲ್ಸಿಗೇ ಹಾಕ್ದೆ."