ಬಣ್ಣ ತೊಳೆಯುವ ತನಕ

ಮುಂಬೈಯ ಒಂದು ಮ್ಯೂಸಿಕಲ್ ನಾಟಕದ ತಂಡ ಊರೂರು ಸುತ್ತುತ್ತಾ ಹುಬ್ಬಳ್ಳಿಗೆ ಬಂದಿತ್ತು...

ಜಿಮ್ಮಿ ಕ್ರೇನ್ ಎಂಬ ರಾಕ್ ಅಂಡ್ ರೋಲ್ ದಂತಕಥೆಯ ಬದುಕನ್ನು ಹಾಡು, ಕುಣಿತದಲ್ಲೇ ಹೇಳುವ ಆಟ.

ಜಿಮ್ಮಿಯ ಪಾತ್ರ ಮಾಡುವವನು ನೀಲ್. ಹಣೆಯ ಮೇಲೆ ಗುಬ್ಬಿ ಗೂಡು ಕಟ್ಟಿದಂಥ ಕೂದಲು, ಮಿಂಚುವ ಜಾಕೆಟ್, ಕೈಯಲ್ಲಿ ಗಿಟಾರ್... ಅವನು ಸೊಂಟ ಕುಣಿಸಿದರೆ ಅಜ್ಜಂದಿರೂ ಸೀಟಿ ಹೊಡೆಯುತ್ತಿದ್ದರು!

ಈ ನೀಲ್ ಅಸಲಿಗೆ ಹಳೇ ಹುಬ್ಬಳ್ಳಿಯ ನೀಲಕಂಠ.

ಅದು ತಂಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹುಟ್ಟಿದ್ದು ಮುಂಬೈ, ಓದಿದ್ದು ಕಾನ್ವೆಂಟ್ ಎಂದು ಸೇರಿದ ದಿನವೇ ಬುರುಡೆ ಬಿಟ್ಟಿದ್ದ. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕಲ್ಲ... ಅವನ್ನೂ ಹೇಳುತ್ತಾ ಬಂದಿದ್ದ.

ತಾಯಿಯಿಲ್ಲದ ಅವನನ್ನು ಸಾಕಿದವಳು ದೊಡ್ಡವ್ವ ಕಸ್ತೂರವ್ವ. ಒಂದು ಕಾಲದಲ್ಲಿ ಕಂಪನಿ ನಾಟಕದ ನಟಿ. ಅವನಿಗೆ ಹಾಡಲು ಕಲಿಸಿದವಳೂ ಅವಳೇ.

ಮುಂಬೈಗೆ ಹೋದ ಹೊಸದರಲ್ಲಿ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ... ಆಮೇಲೆ ಹಬ್ಬಕ್ಕೊಮ್ಮೆ... ಆಮೇಲೆ ನಂಬರೇ ಬದಲಾಯಿತು.

ಹುಬ್ಬಳ್ಳಿಯಲ್ಲಿ ಷೋ ಇದೆ ಎಂದು ದೊಡ್ಡವ್ವನಿಗೆ ಅವನು ತಿಳಿಸಲೇ ಇಲ್ಲ. ಆದರೆ ಅವಳು ಬೀದಿಯ ಪೋಸ್ಟರ್‌ನಲ್ಲಿ ಅವನ ಮುಖ ನೋಡಿಬಿಟ್ಟಿದ್ದಳು!

ಭಾನುವಾರ ಮಧ್ಯಾಹ್ನದ ಆಟ ಮುಗಿಯಿತು.

ಆ ತಂಡದಲ್ಲೊಂದು ಪದ್ಧತಿ. ಆಟವಾದ ಮೇಲೆ ನಟರು ವೇಷದಲ್ಲೇ ಬಾಗಿಲ ಬಳಿ ನಿಂತು ಜನರೊಂದಿಗೆ ಸೆಲ್ಫಿ ತೆಗೆಸಿಕೊಳ್ಳಬೇಕು. ಆಗಲೂ ಪಾತ್ರ ಬಿಡುವಂತಿಲ್ಲ. ಜಿಮ್ಮಿಯಂತೆಯೇ ನಗಬೇಕು, ಜಿಮ್ಮಿಯಂತೆಯೇ ಇಂಗ್ಲಿಷ್ ಮಾತಾಡಬೇಕು.

ಸಾಲಿನಲ್ಲಿ ಇಳಕಲ್ ಸೀರೆಯ ಮುದುಕಿಯೊಬ್ಬಳು ಬಂದಳು. ಪಕ್ಕದ ಮನೆಯ ಶಕೀಲಾ ಕೈಹಿಡಿದು ನಡೆಸಿಕೊಂಡು ಬಂದಿದ್ದಳು.

"ನೀಲ್ಯಾ... ಆರಾಮ ಅದಿ ಏನಪಾ?"

ದೊಡ್ಡವ್ವ! ಪಕ್ಕದಲ್ಲೇ ನಾಯಕಿ ಪಾತ್ರದ ಹುಡುಗಿ, ಹಿಂದೆ ಮ್ಯಾನೇಜರ್... ಎಲ್ಲರೂ ನೋಡುತ್ತಿದ್ದರು.

ಅವನು ಜಿಮ್ಮಿಯ ನಗು ನಕ್ಕ.

"ಥ್ಯಾಂಕ್ಯೂ ಮ್ಯಾಡಮ್! ಗಾಡ್ ಬ್ಲೆಸ್ ಯೂ!"

ಅವಳು ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ನಕ್ಕು, ತಲೆಯಾಡಿಸಿ, ಸಾಲು ಬಿಟ್ಟು ಹೋದಳು.

ಬದುಕಿದೆಯಾ ಬಡಜೀವವೇ ಎಂದುಕೊಂಡ ನೀಲ್. ಮತ್ತೆ ಎದುರಾದರೆ ಕಷ್ಟವೆಂದು ಮುಖದ ಬಣ್ಣವನ್ನೂ ತೊಳೆಯದೆ, ನಟರು ಹೊರಡುವ ಹಿಂದಿನ ಬಾಗಿಲು ಬಿಟ್ಟು ಮುಂಬಾಗಿಲಿನಿಂದಲೇ ಹೋಗಿ ತಂಡದ ಬಸ್ಸು ಹತ್ತಿದ.

ಆದರೆ ಆ ನಗು ಅವನನ್ನು ಬಿಡಲಿಲ್ಲ... ಪುಣೆಯಲ್ಲಿ ಕುಣಿದರೂ ಅದೇ, ಹೈದರಾಬಾದಿನಲ್ಲಿ ಕುಣಿದರೂ ಅದೇ.

ದೀಪಾವಳಿಗೆ ಬಿಡುವು ಸಿಕ್ಕಾಗ ಹೊಸ ಸೀರೆ ಹಿಡಿದು ಓಡಿಬಂದ. ಮನೆಗೆ ಬೀಗ ಹಾಕಿತ್ತು.

ಶಕೀಲಾ ಹೊರಗೆ ಬಂದಳು. "ದೊಡ್ಡವ್ವ ಹೋಗಿ ತಿಂಗಳಾತಪಾ ನೀಲ್ಯಾ... ನಿನ್ನ ನಂಬರ್ ಯಾರ ಹತ್ರನೂ ಇರಲಿಲ್ಲ."

ಅವನು ಅಲ್ಲೇ ಕಟ್ಟೆಯ ಮೇಲೆ ಕುಸಿದ.

"ನನ್ನ ಮ್ಯಾಲ ಭಾಳ ಸಿಟ್ಟಿತ್ತೇನಕ್ಕಾ ಆಕಿಗೆ?"

"ಸಿಟ್ಟಾ? ಓಣಿ ತುಂಬ ಹೇಳಿಕೋತ ಅಡ್ಡಾಡಿದಳು. 'ನನ್ನ ನೋಡಿದ್ರೂ ನನ್ನ ಮಗ ಪಾತ್ರ ಬಿಡಲಿಲ್ಲ. ವೇಷ ಮೈಮ್ಯಾಲ ಇರೋತನಕ ಹಡದಾಕಿನೂ ಪ್ರೇಕ್ಷಕರ ಪೈಕಿನ. ನಮ್ಮ ಕಂಪನಿ ಶಿಸ್ತು ಅದು' ಅಂತ..."

ಶಕೀಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವತ್ತು ಮನೀಗೆ ಹೋಗೂಣು ಅಂದ್ರ ಕೇಳಲಿಲ್ಲಪಾ. 'ಬಣ್ಣ ತೊಳಕೊಂಡು ಹಿಂದಿನ ಬಾಗಿಲಿಂದ ಬರ್ತಾನ, ಆವಾಗ ಮಾತಾಡಸ್ತೀನಿ' ಅಂತ ಅಲ್ಲೇ ಮೆಟ್ಟಲ ಮ್ಯಾಲ ಕುಂತಳು... ವಾಚ್‌ಮನ್ ಬಂದು ಗೇಟ್ ಹಾಕೋತನಕ."

ಬೈದಿದ್ದಳು ಎಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲಾಗಲಿಲ್ಲ. ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

"ಅದು ಶಿಸ್ತಲ್ಲ ಅಕ್ಕಾ... ನಾನು ನಾಚಿಕೊಂಡಿದ್ದೆ... ಆಕಿ ನನ್ನಾಕಿ ಅಂತ ಹೇಳಾಕ ನಾಚಿಕೊಂಡಿದ್ದೆ..."

ಕೊನೆಗೂ ನಿಜ ಹೇಳಿದ. ಆದರೆ ಅದನ್ನು ಕೇಳಿಸಿಕೊಂಡು ಕ್ಷಮಿಸಬೇಕಾದವಳು ಇರಲಿಲ್ಲ...

*

ಪ್ರೀತಿಸುವವರು ನಮ್ಮ ತಪ್ಪಿಗೂ ಒಳ್ಳೆಯ ಹೆಸರಿಟ್ಟು ಕಾಯುತ್ತಾರೆ... ಆದರೆ ಕಾಲ ಕಾಯುವುದಿಲ್ಲ.

ನಾಲ್ಕು ಜನರ ಮುಂದೆ "ಇವರು ನಮ್ಮವರು" ಎನ್ನಲು ನೀವು ಹಿಂಜರಿದದ್ದು ಯಾರ ವಿಷಯದಲ್ಲಿ? ಅವರು ಇನ್ನೂ ಇದ್ದಾರೆಯೇ...?