ಅಕ್ಕನ ಹೆಸರಿನ ಗಿಡ

ಪ್ರೊಫೆಸರರು ಭೂತಗನ್ನಡಿಯನ್ನು ಒಂದು ಹಾಳೆಯಿಂದ ಇನ್ನೊಂದಕ್ಕೆ ಸರಿಸಿದಾಗ ಅವರ ಶಿಷ್ಯೆ ಪಕ್ಕದಿಂದ ಬಗ್ಗಿ ನೋಡಿದಳು. ಎರಡರಲ್ಲೂ ಒಣಗಿದ ಗಿಡ ಅಂಟಿಸಿತ್ತು. ಒಂದು, ಮೂವತ್ತು ವರ್ಷದ ಹಿಂದೆ ಅವರೇ ಹೊಸ ಜಾತಿಯೆಂದು ಸಾರಿ, ತಮ್ಮನ್ನು ಸಾಕಿ ಓದಿಸಿದ ಅಕ್ಕನ ಹೆಸರಿಟ್ಟ ಗಿಡ. ಇನ್ನೊಂದು, ಅದಕ್ಕೂ ಅರವತ್ತು ವರ್ಷ ಮೊದಲೇ ಬೇರೆ ಯಾರೋ ಹೆಸರಿಟ್ಟ ಗಿಡದ ಮೂಲ ಮಾದರಿ. ಅವಳಿಗೆ ಅದು ಕಪಾಟಿನ ತಳದಲ್ಲಿ ಸಿಕ್ಕಿ ತಿಂಗಳಾಗಿತ್ತು. ಅಂದಿನಿಂದ ಬಾಯಲ್ಲಿ ಬಿಸಿತುಪ್ಪ. ನುಂಗಲೂ ಆಗದು, ಉಗುಳಲೂ ಆಗದು. ಎರಡೂ ಒಂದೇ ಗಿಡವಾದರೆ ಮೊದಲಿಟ್ಟ ಹೆಸರೇ ಉಳಿಯಬೇಕೆಂಬುದು ಶಾಸ್ತ್ರದ ನಿಯಮ. ಇಂದು ಧೈರ್ಯ ಮಾಡಿ ಎರಡೂ ಹಾಳೆಗಳನ್ನು ಅವರ ಮುಂದಿಟ್ಟಿದ್ದಳು.

“ಕೇಸರದ ಬುಡದಲ್ಲಿ ಸಣ್ಣ ಕೂದಲು ಎರಡರಲ್ಲೂ ಇದೆ,” ಎಂದರು ಅವರು. “ಒಂದೇ ಗಿಡ ಕಣಮ್ಮ. ನಾನೇ ಎಡವಿದ್ದೆ.”

“ಸರ್, ನಿಮ್ಮ ಅಕ್ಕನಿಗೆ...” ಎಂದು ಅವಳು ಶುರುಮಾಡಿದಳು.

ಅವಳು ಮುಗಿಸುವ ಮೊದಲೇ ಅವರು ಅಕ್ಕನಿಗೆ ಫೋನ್ ಹಚ್ಚಿದ್ದರು. ಶಿಷ್ಯೆ ತಪ್ಪು ಕಂಡುಹಿಡಿದ ವಿಷಯ ಕೇಳಿದ್ದೇ ಆ ಕಡೆಯ ಮುದಿದನಿ ಕೋಣೆಗೆಲ್ಲ ಕೇಳುವಂತೆ ನಕ್ಕಿತು. “ನಲ್ಲಿ ಹತ್ರ ಮೊದಲು ಬಂದವರ ಕೊಡಾನೇ ಮೊದಲು ಅಂತ ನಿನಗೆ ಕಲಿಸಿದವಳೇ ನಾನು ಕಣೋ! ನನ್ನ ಹೆಸರು ಹೋದ್ರೆ ಹೋಗ್ಲಿ. ಪಾಪ, ಆ ಹುಡುಗಿ ಹೇಳೋಕೆ ಎಷ್ಟು ಹೆದರಿದ್ಳೋ! ಬೈಬೇಡ ಅವಳನ್ನ.”

“ಬೈಯೋ ಮಾತೆಲ್ಲಿ ಬಂತಕ್ಕ,” ಎಂದು ಅವರು ಕಣ್ಣೊರೆಸಿಕೊಂಡರು. ತಮ್ಮ ಹಾಳೆಯ ಮೂಲೆಗೆ ಹೊಸ ಚೀಟಿ ಅಂಟಿಸಿ, ಮೊದಲಿಟ್ಟ ಹೆಸರನ್ನು ದುಂಡಗೆ ಬರೆದರು. ‘ಗುರುತಿಸಿದವರು’ ಎಂಬಲ್ಲಿ ಮಾತ್ರ ಸಹಿ ಹಾಕದೆ ಪೆನ್ನನ್ನು ಅವಳ ಕೈಗಿಟ್ಟರು.

“ಕಂಡುಹಿಡಿದವಳು ನೀನು. ಹಾಕು ಸಹಿ.”