ತಿರ್ಲಾಪುರದ ಗುಡ್ಡ

"ಆಯಿ, ನಮ್ಮೂರಾಗ ಗುಡ್ಡಾ ಐತಿ!"

ಪಡಸಾಲೆಯಿಂದ ಅಮೃತಾ ಕೂಗಿದ್ದೇ ತಡ, ಅಜ್ಜಿ ಸಾವಿತ್ರೆವ್ವ ಹಂಚಿನ ಮೇಲಿನ ರೊಟ್ಟಿಯನ್ನು ದೇವರಿಗೆ ಬಿಟ್ಟು ಓಡಿ ಬಂದಳು. ಕಲಘಟಗಿ ಕಡೆಯ ಗುಡ್ಡಗಳ ನಡುವಿನಿಂದ ತಿರ್ಲಾಪುರಕ್ಕೆ ಸೊಸೆಯಾಗಿ ಬಂದ ದಿನದಿಂದ ಆಕೆಯದು ಒಂದೇ ಕೊರಗು: ಈ ಎರೆನೆಲದಲ್ಲಿ ಕಣ್ಣೆತ್ತಿ ನೋಡಲು ಒಂದು ದಿಬ್ಬವೂ ಇಲ್ಲ.

ಧಾರವಾಡದಲ್ಲಿ ಭೂಗೋಳ ಓದುವ ಮೊಮ್ಮಗಳು, ಊರ ಹಳ್ಳಕ್ಕೆ ಎಲ್ಲೆಲ್ಲಿಯ ಮಳೆನೀರು ಹರಿದು ಬರುತ್ತದೆಂದು ಕಂಪ್ಯೂಟರಿನಲ್ಲಿ ನಕ್ಷೆ ಮಾಡುತ್ತಿದ್ದಳು. ಸುಗ್ಗಿಯಲ್ಲಿ ಡ್ರೋನ್ ಹಾರಿಸಿ ನೆಲದ ಏರಿಳಿತ ಅಳೆದಾಗಿತ್ತು. ಈಗ ಪರದೆಯ ಮೇಲೆ ಹಳ್ಳದ ದಂಡೆಗೆ ಕೆಂಪಗೆ ಒಂದು ಉಬ್ಬು. ನೀಲಿ ಹಳ್ಳ ಅದನ್ನು ಸುತ್ತಿ ಬಳಸಿ ಹೋಗಿತ್ತು.

"ಎಷ್ಟ ಎತ್ತರ ಐತೆವಾ?"

"ಎರಡಾಳ ಎತ್ತರ."

"ಸಾಕ ಬಿಡು! ಈ ಊರಿಗೆ ಅಷ್ಟಿದ್ರ ಹಿಮಾಲಯ ಇದ್ಹಂಗ."

"ಹುಟ್ಟಿದಾಗಿಂದ ನನ್ನ ಕಣ್ಣಿಗೆ ಬೀಳದ ಗುಡ್ಡಾ ಇವತ್ತ ಎಲ್ಲಿಂದ ಬಂತು?" ಅಂದ ಅಜ್ಜ ಶಂಕ್ರಪ್ಪ.

"ನಿಮಗ ಮೂಗಿನ ಮ್ಯಾಲಿನ ಚಷ್ಮಾನ ಕಾಣಂಗಿಲ್ಲ," ಎಂದವಳೇ ಸಾವಿತ್ರೆವ್ವ ಕುಂಕುಮದ ಭರಣಿ, ತೆಂಗಿನಕಾಯಿ ತಗೊಂಡಳು. ಗುಡ್ಡದ ದೇವರ ಹತ್ತಿರ ಬರಿಗೈಲಿ ಹೋಗುವುದು ಆಕೆಯ ತವರಿನ ಪದ್ಧತಿಯಲ್ಲ.

ಮೊಬೈಲಿನ ಚುಕ್ಕೆ ನೋಡುತ್ತ ಅಮೃತಾ ಮುಂದೆ, ಹೊಸ ಮದುವಣಗಿತ್ತಿಯ ಹಾಗೆ ಕುಣಿಯುತ್ತ ಅಜ್ಜಿ ಹಿಂದೆ. ಗೊಣಗುತ್ತ ಅಜ್ಜ. ಚುಕ್ಕೆ ಅವರನ್ನು ತಮ್ಮದೇ ಹೊಲದ ಕಣಕ್ಕೆ ತಂದು ನಿಲ್ಲಿಸಿತು.

"ಈಗ ಗುಡ್ಡದ ತುದೀಮ್ಯಾಲ ಅದೀವಿ," ಎಂದಳು ಅಮೃತಾ. ನೆಲ ರೊಟ್ಟಿಯ ಹಾಗೆ ಸಪಾಟಾಗಿತ್ತು. ಕಾಲಡಿಗೆ ಜೋಳದ ಕಣಿಕೆಯ ಚೂರು. ಅವಳು ಹಣೆ ಬಡಿದುಕೊಂಡಳು. ಸುಗ್ಗಿಯಲ್ಲಿ ಇಲ್ಲೇ ಮೇವಿನ ಬಣವೆ ಇತ್ತು. ಅದರ ನೆರಳಿನಲ್ಲಿ ಕುಳಿತೇ ಅವಳು ಡ್ರೋನ್ ಹಾರಿಸಿದ್ದಳು!

"ಆಯಿ, ಡ್ರೋನ್ ಬಣವೀನ ಗುಡ್ಡಾ ಅಂತ ಅಳತಿ ಮಾಡೇತಿ. ನಾಳೆ ಕಾಲೇಜಿನ್ಯಾಗ ಸರ್‌ಗೆ ತೋರಸೂದ್ರೊಳಗ ಅಳಸಬೇಕು. ಗುಡ್ಡಾ ಇಲ್ಲ."

ಸಾವಿತ್ರೆವ್ವನ ಮುಖ ಸಣ್ಣಗಾಯಿತು. ಬೇವಿನ ಮರದಡಿ ಕಟ್ಟಿದ ಎಮ್ಮೆಗಳತ್ತ ಅವಳ ಕಣ್ಣು ಹೋಯಿತು. ಬಣವೆಯನ್ನೆಲ್ಲ ತಿಂದು ಮುಗಿಸಿ ದುಂಡಗಾಗಿದ್ದವು. ಆಕೆಗೆ ನಗು ತಡೆಯಲಾಗಲಿಲ್ಲ. ಹೋಗಿ ದೊಡ್ಡ ಎಮ್ಮೆಯ ಹಣೆಗೆ ಕುಂಕುಮ ಹಚ್ಚಿ, ಅದರ ಮುಂದಿನ ಕಲ್ಲಿಗೆ ಕಾಯಿ ಒಡೆದಳು.

"ಏನ ನಡಸೀಯೇ ಇದು?" ಎಂದ ಶಂಕ್ರಪ್ಪ.

"ಸುಮ್ನ ಕೈ ಮುಗೀರಿ. ಗುಡ್ಡಾ ಮೆಲಕ ಹಾಕಾಕತ್ತೈತಿ."